ಚಟ್ನಿ ಹೊತ್ತಿಗೆ ನಿಲ್ಲುವ ಬ್ಯಾಕಪ್

ಕಂಪ್ಯೂಟರ್ ಕೆಲಸ ಮಾಡುವವರ ಮನೆಯಲ್ಲೇ ಕಂಪ್ಯೂಟರು ಹೆಚ್ಚು ಕೈಕೊಡುತ್ತದೆ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಂದು ರಾಮಾಯಣ ಮುಗಿಯಿತು ಅಂತ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ನೋಯ್ಡಾದ ಆಫೀಸಿನಲ್ಲಿ ನನ್ನ ಕೆಲಸವೇ ಇಡೀ ಕಂಪನಿಯ ಫೈಲುಗಳು ಕಳೆದುಹೋಗದ ಹಾಗೆ ನೋಡಿಕೊಳ್ಳುವುದು. ಅಲ್ಲಿ ಎಲ್ಲ ಸುಸೂತ್ರ. ಸಂಜೆ ಆಫೀಸಿನ ಕ್ಯಾಬು ಇಳಿದು ಇಂದಿರಾಪುರಂನ ನಮ್ಮ ಮನೆಗೆ ಕಾಲಿಟ್ಟರೆ ನನ್ನ ವಿದ್ಯೆಗೆ ಮೂರು ಕಾಸಿನ ಬೆಲೆ ಇಲ್ಲ.

ನಾನು ಹೇಳುತ್ತಿರುವುದು ಕಾಮನ್‌ವೆಲ್ತ್ ಆಟಗಳಿಗಾಗಿ ದೆಹಲಿಯ ರಸ್ತೆಗಳನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದ ಕಾಲದ ಮಾತು. ನಮ್ಮವರು ದೆಹಲಿಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಮೇಷ್ಟ್ರು. ಖಾಯಂ ಆಗಬೇಕಾದರೆ ಪಿಎಚ್‌ಡಿ ಬೇಕು. ದೆಹಲಿಯ ವಾರದ ಬಜಾರುಗಳ ಬಗ್ಗೆ ಅವರು ಬರೆಯುತ್ತಿದ್ದ ಥೀಸಿಸ್ಸು ಮಗಳು ಹುಟ್ಟುವ ಮುಂಚೆ ಶುರುವಾದದ್ದು, ಮಗಳು ಮೂರನೇ ಕ್ಲಾಸಿಗೆ ಬಂದರೂ ಮುಗಿದಿರಲಿಲ್ಲ. ಕೊಟ್ಟ ಅವಧಿ ಮುಗಿದು, ಬೇಡಿ ಪಡೆದ ಅವಧಿಯೂ ಮುಗಿದು, ಕೊನೆಗೆ ಯೂನಿವರ್ಸಿಟಿಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಈ ಸಲ ದಸರಾ ರಜೆ ಕಳೆದು ಬಾಗಿಲು ತೆರೆದ ದಿನ ಥೀಸಿಸ್ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತೇವೆ.

ಅಷ್ಟರಲ್ಲಿ ಒಂದು ಅನಾಹುತ ಆಗಿಹೋಗಿತ್ತು. ಕಾಲೇಜಿನ ಎದುರಿನ ಫೋಟೋಕಾಪಿ ಅಂಗಡಿಯ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿ, ಅಲ್ಲಿದ್ದ ವೈರಸ್ಸನ್ನೆಲ್ಲ ಪ್ರೀತಿಯಿಂದ ಮನೆಗೆ ತಂದು, ಒಂದು ಅಧ್ಯಾಯವನ್ನೇ ಕಳೆದುಕೊಂಡಿದ್ದರು. ಅವತ್ತಿನಿಂದ ಪೆನ್ ಡ್ರೈವ್ ಕಂಡರೆ ಹಾವು ಕಂಡ ಹಾಗೆ ಹಿಂದೆ ಸರಿಯುತ್ತಿದ್ದರು. ಹಾಗಾಗಿ ನಾನು ಮನೆಗೆ ಒಂದು ಡಬ್ಬಿ ತಂದೆ. ಮನೆಯ ಕಂಪ್ಯೂಟರುಗಳ ಫೈಲುಗಳೆಲ್ಲ ವೈಫೈ ಮೂಲಕ ತಾವಾಗಿಯೇ ಹೋಗಿ ಅದರೊಳಗೆ ಒಂದು ಪ್ರತಿಯಾಗಿ ಕೂರುತ್ತವೆ. ಒಳಗೆ ಎರಡು ಡಿಸ್ಕು, ಹಿಂದೆ ಒಂದು ಫ್ಯಾನು, ಮುಂದೆ ಒಂದು ಹಸಿರು ದೀಪ, ಇಷ್ಟೇ. ಮುಂದೆ ಬಂದ ತಲೆನೋವೆಲ್ಲ ಇಷ್ಟರಿಂದಲೇ.

ಹಚ್ಚಿ ಮರೆತುಬಿಡಿ

ನೆಹರೂ ಪ್ಲೇಸಿನ ಅಂಗಡಿಯವನು ಡಬ್ಬಿ ಕಟ್ಟಿಕೊಡುತ್ತಾ, “ಬಸ್ ಲಗಾಓ ಔರ್ ಭೂಲ್ ಜಾಓ, ಮೇಡಂ” ಅಂದಿದ್ದ. ಹಚ್ಚಿ ಮರೆತುಬಿಡಿ ಅಂತ. ನಾನು ಈ ಕೆಲಸದಲ್ಲೇ ಕೂದಲು ನರೆಸಿಕೊಂಡವಳು, ಆದರೂ ನಂಬಿದೆ.

ಶನಿವಾರ ಬೆಳಿಗ್ಗೆ ಕೂತವಳು ಭಾನುವಾರ ಮಧ್ಯಾಹ್ನದವರೆಗೂ ಎದ್ದಿಲ್ಲ. ಡಬ್ಬಿ ಲ್ಯಾಪ್‌ಟಾಪಿಗೆ ಕಾಣಿಸಿದರೆ ರೌಟರಿಗೆ ಕಾಣಿಸದು, ರೌಟರಿಗೆ ಕಾಣಿಸಿದರೆ ಲ್ಯಾಪ್‌ಟಾಪು ಅದನ್ನು ಗುರುತು ಹಿಡಿಯದು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರಂತೆ ಮೂರೂ ಬೆನ್ನು ತಿರುಗಿಸಿ ಕೂತಿದ್ದವು. ಕೊನೆಗೂ ಒಪ್ಪಿಸಿ, ಆಫೀಸಿನ ಅಭ್ಯಾಸದಂತೆ ಯಾರೂ ಊಹಿಸಲಾರದ ಒಂದು ಪಾಸ್‌ವರ್ಡ್ ಕೊಟ್ಟು, ಊಟ ಮಾಡಿ ಒಂದು ನಿದ್ದೆ ತೆಗೆದೆ.

ಎದ್ದು ಬಂದು ಕೂತರೆ ಪಾಸ್‌ವರ್ಡ್ ನನಗೂ ಊಹಿಸಲಾಗಲಿಲ್ಲ. ಅಂಗಡಿಯವನು ಹೇಳಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿಬಿಟ್ಟಿದ್ದೆ.

ಇನ್ನು ಉಳಿದದ್ದು ಒಂದೇ ದಾರಿ. ಡಬ್ಬಿಯ ಬೆನ್ನಲ್ಲಿ ಸೂಜಿಮೊನೆಯಷ್ಟು ತೂತಿದೆ, ಅದರೊಳಗೆ ಏನಾದರೂ ಚುಚ್ಚಿ ಒತ್ತಿದರೆ ಮಾಡಿದ ಸೆಟ್ಟಿಂಗೆಲ್ಲ ಅಳಿಸಿ ಹೊಸದಾಗುತ್ತದೆ. ನಾನು ಪೆನ್ಸಿಲ್ ಮುರಿದೆ, ಕಡ್ಡಿ ಮುರಿದೆ, ಉಗುರೂ ಮುರಿದುಕೊಂಡೆ. ನಮ್ಮತ್ತೆ ಇಷ್ಟೂ ಹೊತ್ತು ಸೋಫಾದಲ್ಲಿ ಕೂತು ಬೀನ್ಸ್ ಬಿಡಿಸುತ್ತಾ ನೋಡುತ್ತಿದ್ದರು. ಮಗಳು ಹುಟ್ಟಿದಾಗ ತುಮಕೂರಿನಿಂದ ಬಾಣಂತನಕ್ಕೆ ಬಂದವರು, ನಮ್ಮ ಜೊತೆಗೇ ಉಳಿದುಬಿಟ್ಟಿದ್ದಾರೆ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟರು. ಒತ್ತಿದೆ. ದೀಪ ಕಣ್ಣು ಮಿಟುಕಿಸಿತು. ಎರಡು ದಿನದ ಕೆಲಸ ನೀರಿನಲ್ಲಿ ಹೋಮವಾಗಿ ಡಬ್ಬಿ ಹೊಸ ಮದುಮಗಳಂತೆ ನಿಂತಿತು.

ಅತ್ತೆ ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸಿಕೊಳ್ಳುತ್ತಾ, “ಒಂದು ಪಿನ್ನಿನ ಕೆಲಸಕ್ಕೆ ಎರಡು ದಿನ ಒದ್ದಾಡಿದೆಯಲ್ಲೇ, ಮೊದಲೇ ಕೇಳಬಾರದಾಗಿತ್ತಾ?” ಅಂದರು.

ಗೈಡಿನ ಮುಖ ನೋಡಿ ಹೆಸರು

ಡಬ್ಬಿ ಕೆಲಸ ಶುರು ಮಾಡಿ ಸ್ವಲ್ಪ ದಿನಕ್ಕೇ ಜಾಗ ಇಲ್ಲ ಅಂತ ಕೂಗಿಕೊಳ್ಳತೊಡಗಿತು. ನನಗೆ ನಂಬಿಕೆ ಬರಲಿಲ್ಲ. ನಾಲ್ಕು ಜನರ ಸಂಸಾರ ಒಂದು ಜನ್ಮವೆಲ್ಲ ಫೋಟೋ ತೆಗೆದರೂ ತುಂಬದಷ್ಟು ದೊಡ್ಡ ಡಿಸ್ಕು ಅದು.

ತೆರೆದು ನೋಡಿದರೆ ಎಲ್ಲ ನಮ್ಮವರ ಥೀಸಿಸ್ಸು. ಅವರ ಪದ್ಧತಿ ಹೀಗೆ: ಗೈಡನ್ನು ಕಂಡು ಬಂದ ದಿನವೆಲ್ಲ ಇಡೀ ಫೋಲ್ಡರನ್ನು, ಬಜಾರಿನ ಫೋಟೋ, ವ್ಯಾಪಾರಿಗಳ ಮಾತಿನ ರೆಕಾರ್ಡಿಂಗು ಸಮೇತ, ಇನ್ನೊಂದು ಪ್ರತಿ ಮಾಡಿ ಹೊಸ ಹೆಸರಿಡುವುದು. ಹೆಸರಿಗೆ ತಾರೀಖಿಲ್ಲ, ನಂಬರಿಲ್ಲ. “ಗೈಡ್ ಕೋಪ.” “ಗೈಡ್ ಮಹಾ ಕೋಪ.” “ಗೈಡ್ ಸ್ವಲ್ಪ ನಕ್ಕರು.” “ಗೈಡಿಗೆ ನಿದ್ದೆ.” “ಗೈಡ್ ಹೆಂಡತಿ ಚಹಾ ಕೊಟ್ಟರು.” ನಾನು ಡಬ್ಬಿಗೆ ಹೊಸದೇನು ಕಂಡರೂ ನಕಲು ಮಾಡಿಕೋ, ಯಾವುದನ್ನೂ ಅಳಿಸಬೇಡ ಅಂತ ಹೇಳಿದ್ದೆ. ಪಾಪ, ಅದು ಗೈಡಿನ ಒಂದೊಂದು ಮೂಡನ್ನೂ ಬಾಚಿ ಬಾಚಿ ಹೊಟ್ಟೆಗೆ ಹಾಕಿಕೊಂಡಿತ್ತು.

“ಇದೇನ್ರೀ ಇದು?” ಅಂದೆ.

“ಯಾವ ಪ್ರತಿ ಅವರಿಗೆ ಇಷ್ಟವಾಯಿತು ಅಂತ ನೆನಪಿರಬೇಡವಾ?”

“ಹಾಗಾದರೆ ಇಷ್ಟವಾದದ್ದನ್ನ ಇಟ್ಟುಕೊಂಡು ಉಳಿದದ್ದೆಲ್ಲ ಅಳಿಸಿ.”

“ಅದೇ ತೊಂದರೆ. ಇಷ್ಟವಾದದ್ದು ಅಂತ ಒಂದೂ ಇಲ್ಲ.”

ವಾದ ಮಾಡಿ ಪ್ರಯೋಜನವಿರಲಿಲ್ಲ. ನಾನೇ ಸೆಟ್ಟಿಂಗ್ ಬದಲಿಸಿದೆ. ಇನ್ನು ಮೇಲೆ ಡಬ್ಬಿ ಲ್ಯಾಪ್‌ಟಾಪಿನ ಪಡಿಯಚ್ಚು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಡಬ್ಬಿಯಲ್ಲೂ ಇರುತ್ತದೆ, ಅಲ್ಲಿ ಅಳಿಸಿದ್ದು ಗಂಟೆಯೊಳಗೆ ಇಲ್ಲೂ ಅಳಿಸಿಹೋಗುತ್ತದೆ. ಅಳಿಸಿದ್ದನ್ನು ಎತ್ತಿಡುವ ಕಸದ ಬುಟ್ಟಿ ಆ ಕಾಲದ ಆ ಡಬ್ಬಿಯಲ್ಲಿ ಇರಲಿಲ್ಲ. ನಮ್ಮವರು ಮುಖ ಸಣ್ಣಗೆ ಮಾಡಿಕೊಂಡು ಹಳೆಯ ಪ್ರತಿಗಳನ್ನೆಲ್ಲ ತೆಗೆದು “ಗೈಡ್ ಮಹಾ ಕೋಪ” ಒಂದನ್ನೇ ಉಳಿಸಿಕೊಂಡರು. “ಮನುಷ್ಯ ಮನಸ್ಸಿಟ್ಟು ಓದಿದ್ದು ಅದೊಂದನ್ನೇ” ಅಂದರು.

ಬೆಳಗಿನ ರೋಗ

ಆಮೇಲೆ ಡಬ್ಬಿಗೆ ವಿಚಿತ್ರ ರೋಗ ಬಂತು. ದಿನವೆಲ್ಲ ಚೆನ್ನಾಗಿರುವುದು, ಬೆಳಿಗ್ಗೆ ತಿಂಡಿ ಹೊತ್ತಿಗೆ ಸರಿಯಾಗಿ ಪ್ರಾಣ ಬಿಡುವುದು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಕೂರುವುದು. ನಡುವೆ ಓಡುತ್ತಿದ್ದ ನಕಲು ಕೆಲಸ ಅರ್ಧಕ್ಕೇ ನಿಂತು, ಮತ್ತೆ ಮೊದಲಿನಿಂದ ಶುರು.

ನಾನು ಆ ಹೊತ್ತಿಗೆ ಆಫೀಸಿನ ಕ್ಯಾಬಿನಲ್ಲಿರುತ್ತಿದ್ದೆ. ಸಂಜೆ ಬಂದು ಪತ್ತೇದಾರಿ ಮಾಡುತ್ತಿದ್ದೆ. ಕೇಬಲ್ ಬದಲಿಸಿದೆ. ರೌಟರ್ ಬದಲಿಸಿದೆ. ಬೆಳಗಿನ ಹೊತ್ತು ನಮ್ಮ ಸೊಸೈಟಿಯ ಫ್ಲಾಟುಗಳಲ್ಲಿ ವೋಲ್ಟೇಜು ಇಳಿಯುತ್ತದೇನೋ ಅಂತ ಸ್ಟೆಬಿಲೈಜರ್ ತಂದಿಟ್ಟೆ. ಡಬ್ಬಿ ಮಾಡಿದ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದರೆ ಆ ಕಡೆಯ ಹುಡುಗಿ, “ಮೇಡಂ, ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿದಿರಾ?” ಅಂದಳು. “ಅಮ್ಮಾ, ಅದು ದಿನಾ ಅದನ್ನೇ ಮಾಡುತ್ತಿದೆ, ಅದಕ್ಕೇ ನಿಮಗೆ ಫೋನ್ ಮಾಡಿದ್ದು” ಅಂದೆ. ಅವಳೂ ಚಿಂತೆಗೆ ಬಿದ್ದಳು.

ಒಂದು ದಿನ ಜ್ವರ ಅಂತ ರಜೆ ಹಾಕಿ ಮನೆಯಲ್ಲೇ ಮಲಗಿದ್ದೆ. ಅಡಿಗೆಮನೆಯಿಂದ ಅತ್ತೆ ಮಿಕ್ಸಿ ಎತ್ತಿಕೊಂಡು ಹಾಲಿಗೆ ಬಂದರು. ನೇರ ಡಬ್ಬಿಯ ಹತ್ತಿರ ಹೋಗಿ, ಅದರ ಪ್ಲಗ್ಗು ಕಿತ್ತು, ಮಿಕ್ಸಿಯ ಪ್ಲಗ್ಗು ಹಾಕಿ, ಗರ್ರ್ ಅಂತ ತೆಂಗಿನಕಾಯಿ ಚಟ್ನಿ ರುಬ್ಬಿದರು. ಮುಚ್ಚಳ ತೆಗೆದು ಬೆರಳಲ್ಲಿ ರುಚಿ ನೋಡಿದರು. ಉಪ್ಪು ಹಾಕಿ ಇನ್ನೊಂದು ಸುತ್ತು ತಿರುಗಿಸಿ, ಡಬ್ಬಿಯ ಪ್ಲಗ್ಗು ಮರಳಿ ಸಿಕ್ಕಿಸಿ ಹೋದರು. ಅಡಿಗೆಮನೆಯ ಪ್ಲಗ್ ಪಾಯಿಂಟು ಸುಟ್ಟು ತಿಂಗಳುಗಳೇ ಆಗಿದ್ದವು. ಸೊಸೈಟಿಯ ಎಲೆಕ್ಟ್ರಿಷಿಯನ್ ಕಂಡಾಗಲೆಲ್ಲ “ಕಲ್ ಪಕ್ಕಾ”, ನಾಳೆ ಖಂಡಿತ, ಅನ್ನುತ್ತಿದ್ದ.

“ಅತ್ತೆ, ನಿಮ್ಮ ಮಗನ ಥೀಸಿಸ್ ನಕಲಾಗುತ್ತಿರುತ್ತೆ. ಹಾಗೆ ನಡುವೆ ಕಿತ್ತರೆ ಹೇಗೆ?” ಅಂತ ಕಿರುಚಿದೆ. ಜ್ವರ ಒಂದು ಡಿಗ್ರಿ ಏರಿರಬೇಕು.

“ನಿನ್ನ ಡಬ್ಬಿಗೆ ಹಸಿವಾಗಲ್ಲ, ನನ್ನ ಮಗನಿಗೆ ಆಗುತ್ತೆ. ದೋಸೆ ಹಾಕಲಾ ನಿಂಗೆ?” ಅಂದರು.

ಬದನೆಕಾಯಿ ಮಾಯವಾದದ್ದು

ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಮಗಳನ್ನು ಬದನೆಕಾಯಿ ಮಾಡಿದ್ದೆವು. ನೇರಳೆ ಬಣ್ಣದ ದಿಂಬಿನ ಕವರು, ತಲೆಗೆ ಹಸಿರು ತೊಟ್ಟು. ಫೋಟೋ ಬಹಳ ಚೆನ್ನಾಗಿ ಬಂದಿತ್ತು. ತುಮಕೂರಿನ ತಂಗಿಗೆ ಕಳಿಸಬೇಕು, ಪ್ರಿಂಟು ಹಾಕಿಸು ಅಂತ ಅತ್ತೆ ದುಂಬಾಲು ಬಿದ್ದರು. ನೋಡಿದರೆ ಲ್ಯಾಪ್‌ಟಾಪಿನಲ್ಲೂ ಇಲ್ಲ, ಡಬ್ಬಿಯಲ್ಲೂ ಇಲ್ಲ.

ಮಗಳು ಸೋಫಾದ ಹಿಂದಿನಿಂದ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು: “ಮಮ್ಮಾ, ಮೈನೇ ಡಿಲೀಟ್ ಕರ್ ದಿಯಾ. ಫ್ರೆಂಡ್ಸ್ ನಗ್ತಾರೆ. ಲ್ಯಾಪ್‌ಟಾಪಲ್ಲಿ ಮಾಡಿದ್ರೆ ಡಬ್ಬೇ ಸೇ ಭೀ ಹೋಗತ್ತೆ.”

ಅವಳಿಗೆ ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಒಂದು ಪಾಠ ಮಾಡಿದೆ. “ನೋಡಿ, ಈ ಡಬ್ಬಿ ಒಂದು ಕನ್ನಡಿ ಇದ್ದ ಹಾಗೆ. ಎದುರಿಗೆ ನಿಂತರೆ ಕಾಣ್ತೀರಿ, ಸರಿದರೆ ಕನ್ನಡಿಯಲ್ಲೂ ಇರಲ್ಲ. ಲ್ಯಾಪ್‌ಟಾಪು ಕೆಟ್ಟರೆ, ಕಳುವಾದರೆ ಇದು ಕಾಪಾಡುತ್ತೆ. ನೀವೇ ಕೈಯಾರೆ ಅಳಿಸಿದರೆ ಕಾಪಾಡಲ್ಲ.”

ಅತ್ತೆಗೆ ಸಿಟ್ಟು ಬಂತು. “ಇದೆಂಥ ಪೆಟ್ಟಿಗೆಯೇ? ನಾನು ಉಟ್ಟ ಸೀರೆ ಹರಿದರೆ ಬೀರುವಿನಲ್ಲಿಟ್ಟ ಸೀರೆಯೂ ಹರಿದುಹೋಗುತ್ತಾ?”

“ಸುಮಾರು ಹಾಗೇ ಅನ್ನಿ” ಅಂದೆ. ಮಗಳನ್ನು ಕೇಳಿದೆ, “ನಿಂಗೆ ಅರ್ಥ ಆಯ್ತಾ?” “ಹಾಂ. ಇಲ್ಲಿ ಹೋದ್ರೆ ಅಲ್ಲೂ ಗಯಾ.” ಮೂರನೇ ಕ್ಲಾಸಿನ ಹುಡುಗಿಗೆ ಹೊಳೆಯಿತು. ನಮ್ಮವರು ಪೇಪರಿನ ಹಿಂದಿನಿಂದ “ಅಚ್ಛಾ, ಅಚ್ಛಾ” ಅನ್ನುತ್ತಿದ್ದರು.

“ನಿಮಗೂ ಗೊತ್ತಾಯ್ತಲ್ರೀ?”

ಪೇಪರು ಮಡಿಸದೆಯೇ ಹೇಳಿದರು: “ಆಯ್ತು ಮಾರಾಯ್ತಿ, ಎಲ್ಲಾ ಡಬ್ಬಿಯಲ್ಲಿದೆ ಅಂತ ತಾನೆ?”

ದ್ವಾರಕಾದ ಪಾರಿವಾಳಗಳು

ನಮ್ಮ ಮನೆಯವರೇ ಹೀಗೆ ಅಂತ ಕೊರಗುತ್ತಿದ್ದೆ. ದ್ವಾರಕಾಕ್ಕೆ ಹೋಗಿ ಬಂದ ಮೇಲೆ ಸ್ವಲ್ಪ ಸಮಾಧಾನವಾಯಿತು.

ನಮ್ಮವರ ದೂರದ ಚಿಕ್ಕಪ್ಪ ಒಬ್ಬರು ಕೇಂದ್ರ ಸರ್ಕಾರದ ದೊಡ್ಡ ಕೆಲಸದಿಂದ ನಿವೃತ್ತರಾಗಿ ಅಲ್ಲಿಯ ಸೊಸೈಟಿಯೊಂದರಲ್ಲಿದ್ದಾರೆ. ಬಹಳ ಶಿಸ್ತಿನ ಮನುಷ್ಯ. ಊಟಕ್ಕೆ ಕರೆದಿದ್ದರು. ನನ್ನ ಡಬ್ಬಿಯ ಕಥೆ ಕೇಳಿ ತಲೆಯಾಡಿಸಿದರು. “ಈ ಡಬ್ಬಿ ಗಿಬ್ಬಿ ಎಲ್ಲ ಯಾಕಮ್ಮ? ನನ್ನ ಪದ್ಧತಿ ನೋಡು. ಮಕ್ಕಳ ಮದುವೆ, ನಮ್ಮ ಕಾಶಿಯಾತ್ರೆ, ಮೊಮ್ಮಗನ ನಾಮಕರಣ, ಎಲ್ಲಾ ಫೋಟೋನೂ ಸಿಡಿಗೆ ಹಾಕಿ, ಮೇಲೆ ಹೆಸರು ಬರೆದು, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೀನಿ. ಕರೆಂಟು ಬೇಡ, ಪಾಸ್‌ವರ್ಡು ಬೇಡ.”

ನನಗೆ ನಿಜಕ್ಕೂ ಗೌರವ ಬಂತು. ನಮ್ಮವರ ಕಡೆ ಓರೆಗಣ್ಣಲ್ಲಿ ನೋಡಿದೆ. ಚಿಕ್ಕಪ್ಪ ತೋರಿಸುತ್ತೀನಿ ಬಾ ಅಂತ ಕರೆದುಕೊಂಡು ಹೋಗಿ ಖಾನೆ ಎಳೆದರು. ಒಳಗೆ ಸ್ವೆಟರುಗಳಿದ್ದವು.

“ಏನೇ, ಇಲ್ಲಿದ್ದ ಸಿಡಿಗಳೆಲ್ಲಿ?” ಅಂತ ಕೂಗಿದರು.

ಚಿಕ್ಕಮ್ಮ ಅಡಿಗೆಮನೆಯಿಂದ ಹಪ್ಪಳ ಕರಿಯುತ್ತಲೇ, “ಬಾಲ್ಕನಿಯಲ್ಲಿ” ಅಂದರು.

ಬಾಲ್ಕನಿಗೆ ಹೋದೆವು. ಗ್ರಿಲ್ಲಿನ ಉದ್ದಕ್ಕೂ ದಾರ ಕಟ್ಟಿ ಸಿಡಿಗಳನ್ನು ಸಾಲಾಗಿ ನೇತುಹಾಕಿದ್ದರು. ಇಬ್ಬರು ಮಕ್ಕಳ ಮದುವೆ, ಕಾಶಿಯಾತ್ರೆ, ನಾಮಕರಣ ಎಲ್ಲವೂ ದೆಹಲಿಯ ಬಿಸಿಲಿಗೆ ಫಳಫಳ ಹೊಳೆಯುತ್ತಾ ಗಾಳಿಗೆ ತಿರುಗುತ್ತಿದ್ದವು. ಪಾರಿವಾಳದ ಕಾಟ ತಡೆಯಲು ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಆದರೆ ಖಾಲಿ ಸಿಡಿ ಕಟ್ಟುತ್ತಾರೆ. ಚಿಕ್ಕಪ್ಪ ಒಂದು ಸಿಡಿಯನ್ನು ಹಿಡಿದು ತಿರುಗಿಸಿ ನೋಡಿದರು. ಮಗಳ ಮದುವೆ ಪೂರಾ ಗೀರುಬಿದ್ದು ಹೋಗಿತ್ತು.

ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು. “ನಿಮ್ಮ ಬ್ಯಾಕಪ್ಪು ಬಹಳ ಒಳ್ಳೇದು ರೀ. ಕಟ್ಟಿದ ದಿನದಿಂದ ಒಂದು ಪಾರಿವಾಳ ಬಂದಿಲ್ಲ.”

ಆಯುಧಪೂಜೆ

ಇನ್ನು ದಸರಾ. ಥೀಸಿಸ್ ಮುಗಿದಿತ್ತು. ಹೌದು, ಮುಗಿದಿತ್ತು. ಕೊನೆಯ ಅಧ್ಯಾಯ ಓದಿ ಗೈಡು ಏನೂ ಹೇಳದೆ ಸುಮ್ಮನೆ ತಲೆಯಾಡಿಸಿದ್ದರಂತೆ. ಆ ಫೋಲ್ಡರಿಗೆ “ಗೈಡ್ ಒಪ್ಪಿದರು” ಅಂತ ನಮ್ಮವರು ಹೆಸರಿಟ್ಟರು. ಹಬ್ಬ ಮುಗಿಸಿ, ಪ್ರಿಂಟು ಹಾಕಿಸಿ, ಬೈಂಡು ಮಾಡಿಸಿ ಒಪ್ಪಿಸಿದರೆ ಆಯಿತು. ಮನೆಯಲ್ಲಿ ಎಲ್ಲರೂ ಹಗುರವಾಗಿದ್ದೆವು.

ನಮ್ಮತ್ತೆಗೆ ಆಯುಧಪೂಜೆ ಅಂದರೆ ಹುಡುಗಾಟವಲ್ಲ. ಹಿಂದಿನ ದಿನವೇ ಎಲ್ಲರಿಗೂ ಆಜ್ಞೆಯಾಗಿತ್ತು: ಯಾರು ಯಾವುದರಿಂದ ಅನ್ನ ತಿನ್ನುತ್ತೀರೋ ಅದನ್ನು ಚೊಕ್ಕಟ ಮಾಡಿ ತಂದಿಡಿ. ಪೂಜೆಗಿಟ್ಟ ಮೇಲೆ ವಿಜಯದಶಮಿ ಬೆಳಿಗ್ಗೆ ಆರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಆದರೆ ದೆಹಲಿಯ ಕಡೆ ಆಫೀಸಿಗೆ ಆಯುಧಪೂಜೆಯ ರಜೆ ಎಲ್ಲಿಂದ ಬರಬೇಕು, ನಾನು ಬೆಳಿಗ್ಗೆಯೇ ನೋಯ್ಡಾಕ್ಕೆ ಹೊರಟೆ.

ಸಂಜೆ ಬಂದು ನೋಡುತ್ತೇನೆ, ಹಾಲಿನ ಮೂಲೆಯಲ್ಲಿ ಮಣೆಯ ಮೇಲೆ ಎಲ್ಲ ಸಾಲಾಗಿ ಕೂತಿವೆ. ಈಳಿಗೆಮಣೆ, ಮಿಕ್ಸಿ, ಸ್ಕೂಟರಿನ ಕೀಲಿ, ಮಗಳ ಜಾಮಿಟ್ರಿ ಬಾಕ್ಸು, ನಮ್ಮವರ ಲ್ಯಾಪ್‌ಟಾಪು. ಎಲ್ಲದರ ನಡುವೆ, ಚೆಂಡುಹೂವಿನ ಹಾರ ಹಾಕಿಕೊಂಡು, ವಿಭೂತಿ ಬಳಿಸಿಕೊಂಡು ನನ್ನ ಡಬ್ಬಿ. ಹಸಿರು ದೀಪದ ಮೇಲೆ ದಪ್ಪನೆ ಕುಂಕುಮ. ಫ್ಯಾನಿನ ಸಂದಿಯಲ್ಲೆಲ್ಲ ಅಕ್ಷತೆ.

ನನಗೆ ಮೈಯೆಲ್ಲ ಉರಿದುಹೋಯಿತು. “ಅತ್ತೆ, ಇದನ್ನ ಯಾವಾಗ ಕಿತ್ತಿರಿ?”

“ಬೆಳಿಗ್ಗೆ ನೀನು ಹೊರಟ ಕೂಡಲೇ. ಮೊದಲು ಅದೇ ಸಿಕ್ಕಿತು ಕೈಗೆ. ಇವನು ಇನ್ನೂ ಎದ್ದಿರಲಿಲ್ಲ.”

“ಅಂದರೆ ಇಡೀ ದಿನ ಬ್ಯಾಕಪ್ ಆಗಿಲ್ಲ. ಇನ್ನೇನು ಥೀಸಿಸ್ ಒಪ್ಪಿಸಬೇಕು, ಈಗಲಾ ಇದನ್ನ ಆರಿಸೋದು?” ಚೀಲ ಬಿಸಾಕಿ ಡಬ್ಬಿಗೆ ಕೈ ಹಾಕಿದೆ. “ಲ್ಯಾಪ್‌ಟಾಪು, ಡಬ್ಬಿ ಎರಡೂ ಹಚ್ಚುತ್ತೀನಿ. ಒಂದು ಸಲ ನಕಲಾಗಲಿ, ಮತ್ತೆ ಇಲ್ಲೇ ತಂದಿಡ್ತೀನಿ.”

ಅತ್ತೆ ಬಂದು ಮಣೆಯ ಮುಂದೆ ಕೂತೇಬಿಟ್ಟರು. “ನಾಳೆ ಆರತಿ ಆಗೋವರೆಗೆ ಮುಟ್ಟಕೂಡದು.”

“ಅತ್ತೆ, ಇದು ನಿಮ್ಮ ಮಗನ ಭವಿಷ್ಯದ ಪ್ರಶ್ನೆ.”

“ಅದಕ್ಕೇ ಹೇಳಿದ್ದು ಮುಟ್ಟಕೂಡದು ಅಂತ.”

ಅವರನ್ನು ಬಳಸಿಕೊಂಡು ಪಕ್ಕದಿಂದ ಡಬ್ಬಿ ಎತ್ತಿದೆ. ಪ್ಲಗ್ಗು ಹಿಡಿದು ಸಾಕೆಟ್ಟಿನ ಹತ್ತಿರ ಹೋದೆ. ಆಗ ನಮ್ಮವರು ಒಳಗಿನಿಂದ ತಲೆ ಒರೆಸಿಕೊಳ್ಳುತ್ತಾ ಬಂದರು. ಬಹಳ ಪ್ರಸನ್ನರಾಗಿದ್ದರು.

“ಯಾಕೆ ಅವಸರ ನಿಂಗೆ? ಲ್ಯಾಪ್‌ಟಾಪಲ್ಲಿ ನಕಲು ಮಾಡೋಕೆ ಈಗ ಏನೂ ಇಲ್ಲ” ಅಂದರು.

“ಏನೂ ಇಲ್ಲ ಅಂದರೆ?”

“ಅಮ್ಮ ಚೊಕ್ಕಟ ಮಾಡು ಅಂದಳಲ್ಲ. ಹೊರಗೆ ಒರೆಸಿದರೆ ಸಾಕಾ, ಒಳಗೂ ಮಾಡಿದೆ. ಎಲ್ಲಾ ಫೈಲೂ ತೆಗೆದೆ. ಕಸದ ಬುಟ್ಟಿ ಖಾಲಿ ಮಾಡಿದೆ. ನೀನು ಹೇಳಿಕೊಟ್ಟಿದ್ದೆಯಲ್ಲ, ಆ ಡಿಫ್ರಾಗು, ಡಿಸ್ಕಿನೊಳಗೆ ಒಪ್ಪ ಮಾಡೋದು, ಅದನ್ನೂ ಓಡಿಸಿದೆ. ಕನ್ನಡಿ ಹಾಗೆ ಹೊಳೀತಿದೆ ಈಗ.”

“ಥೀಸಿಸ್?”

“ಡಬ್ಬಿಯಲ್ಲಿದೆಯಲ್ಲ. ಸುಣ್ಣ ಹೊಡೆಯುವಾಗ ಸಾಮಾನೆಲ್ಲ ಪಕ್ಕದ ರೂಮಿಗೆ ಸಾಗಿಸಲ್ವಾ, ಹಾಗೆ. ಹಬ್ಬ ಆದಮೇಲೆ ಅಲ್ಲಿಂದ ತಂದುಕೊಂಡರಾಯಿತು.”

ನನ್ನ ಕೈಯಲ್ಲಿದ್ದ ಪ್ಲಗ್ಗು ಸಾಕೆಟ್ಟಿನ ಬಾಯಲ್ಲಿತ್ತು. ಇನ್ನೊಂದು ಬೆರಳಿನಷ್ಟು ಒಳಗೆ ತಳ್ಳಿ ಎರಡನ್ನೂ ಹಚ್ಚಿದ್ದರೆ, ಪಾಪದ ಡಬ್ಬಿ ನಾನು ಕಲಿಸಿದ ಹಾಗೆಯೇ ಲ್ಯಾಪ್‌ಟಾಪಿನ ಕಡೆ ನೋಡಿ, ಅಲ್ಲಿ ಏನೂ ಇಲ್ಲದ್ದು ಕಂಡು, ತನ್ನಲ್ಲಿದ್ದದ್ದನ್ನೂ ನಿಯತ್ತಾಗಿ ಅಳಿಸಿ, ಹಸಿರು ದೀಪ ಹಚ್ಚಿಕೊಂಡು ಕೂರುತ್ತಿತ್ತು. ಡಿಫ್ರಾಗು ಬೇರೆ ಓಡಿಸಿ ಅಳಿಸಿದ ಜಾಗದ ಮೇಲೆಲ್ಲ ಬೇರೆಯದನ್ನು ಬರೆಸಿದ್ದರಿಂದ ಲ್ಯಾಪ್‌ಟಾಪಿನಿಂದ ಕೆದಕಿ ತೆಗೆಯುವ ಆಸೆಯೂ ಇರಲಿಲ್ಲ. ಪ್ಲಗ್ಗನ್ನು ಮೆಲ್ಲಗೆ ಹೊರಗೆಳೆದೆ. ಡಬ್ಬಿಯನ್ನು ಎತ್ತಿದ ಜಾಗದಲ್ಲೇ ಇಟ್ಟು, ಸರಿದ ಹಾರ ನೆಟ್ಟಗೆ ಮಾಡಿದೆ.

“ಅತ್ತೆ, ನಾಳೆ ಆರತಿ ಆಗೋವರೆಗೆ ಇದನ್ನ ಯಾರೂ ಮುಟ್ಟಕೂಡದು” ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಬುದ್ಧಿ ಬಂತು ಅಂದುಕೊಂಡಿರಬೇಕು.

ನಮ್ಮವರಿಗೆ ಮತ್ತೆ ಕನ್ನಡಿಯ ಪಾಠ ಹೇಳಬೇಕಾಯಿತು. ಈ ಸಲ ಕೈಯಲ್ಲಿ ಪೇಪರಿರಲಿಲ್ಲ. ಅರ್ಥವಾಗುತ್ತಾ ಆಗುತ್ತಾ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಎದ್ದು, “ಈಗಲೇ ತೆಗೆದು ನೋಡೋಣ, ಇದೆಯೋ ಇಲ್ಲವೋ” ಅಂತ ಡಬ್ಬಿಯ ಕಡೆ ನುಗ್ಗಿದರು. ಮಗಳು ಅಡ್ಡ ನಿಂತು, “ಅಜ್ಜಿ, ಪಾಪಾ ಛೂ ರಹೇ ಹೈ, ಮುಟ್ತಿದಾರೆ” ಅಂತ ಕೂಗಿದಳು. ಆ ಮನುಷ್ಯನ ಸ್ಥಿತಿ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಬ್ಬಟ್ಟು ತಟ್ಟೆಯಲ್ಲಿ ಹಾಗೇ ಆರಿತು. ಮಗಳು ಹುಟ್ಟುವ ಮುಂಚಿನಿಂದ ಬಿಸಿಲಲ್ಲಿ ಬಜಾರು ಬಜಾರು ಅಲೆದು ಬರೆದದ್ದೆಲ್ಲ ಆ ಕುಂಕುಮ ಹಚ್ಚಿದ ಡಬ್ಬಿಯೊಳಗಿತ್ತು, ಇದ್ದರೆ.

ಬೆಳಿಗ್ಗೆ ಅತ್ತೆ ಒಂದು ಮಂತ್ರವನ್ನೂ ಬಿಡಲಿಲ್ಲ. ಕೆಳಗೆ ಸೊಸೈಟಿಯ ಪಾರ್ಕಿನಲ್ಲಿ ಸಂಜೆ ಸುಡಲಿಕ್ಕೆ ರಾವಣನನ್ನು ಹಗ್ಗ ಕಟ್ಟಿ ಎತ್ತುತ್ತಿದ್ದ ಗಲಾಟೆ ಕೇಳುತ್ತಿತ್ತು. ಆರತಿ ಆಯಿತು. ಅತ್ತೆ ಅಕ್ಷತೆ ಹಾಕಿ, “ಈಗ ಹಚ್ಚು” ಅಂದರು. ನಾನು ಮೊದಲು ಲ್ಯಾಪ್‌ಟಾಪು ತೆರೆದು ನಕಲು ಮಾಡುವ ಪ್ರೋಗ್ರಾಮನ್ನು ಬುಡಸಮೇತ ಕಿತ್ತುಹಾಕಿದೆ. ಆಮೇಲೆ ಡಬ್ಬಿಯ ಪ್ಲಗ್ಗು ಸಿಕ್ಕಿಸಿದೆ. ಫ್ಯಾನು ಕೆಮ್ಮಿತು. ಅಕ್ಷತೆ ಉದುರಿತು. ಹಿಂದಿನಿಂದ ಕುಂಕುಮದ ಒಂದು ಸಣ್ಣ ಮೋಡವೇ ಎದ್ದು ನಮ್ಮವರ ಮುಖಕ್ಕೆ ಬಡಿಯಿತು. ದೀಪ ಹತ್ತಿತು.

“ಗೈಡ್ ಒಪ್ಪಿದರು” ಅಲ್ಲೇ ಇತ್ತು. ತೆರೆದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇತ್ತು. ನಮ್ಮವರು ಕೆಂಪು ಮುಖದಲ್ಲೇ ಅತ್ತರು. ಸುಳ್ಳು ಯಾಕೆ, ನನಗೂ ಅಳು ಬಂತು. ಅವತ್ತು ಲ್ಯಾಪ್‌ಟಾಪಿಗೆ ಒಂದು, ಸಿಡಿಗೆ ಒಂದು, ನನ್ನ ಆಫೀಸಿನ ಮೇಲ್‌ಗೆ ಒಂದು, ಕೊನೆಗೆ ಹಾವಿನಂಥ ಪೆನ್ ಡ್ರೈವಿಗೂ ಒಂದು ಪ್ರತಿ ಮಾಡಿ ಮುಗಿಸಿಯೇ ಊಟಕ್ಕೆ ಎದ್ದದ್ದು.

“ಅತ್ತೆ, ನೀವು ಕಿತ್ತಿಟ್ಟದ್ದಕ್ಕೇ ಇದು ಉಳಿಯಿತು” ಅಂದೆ. ಹೇಳಲೇಬೇಕಲ್ಲ.

ಅತ್ತೆ ಅನ್ನ ಬಡಿಸುತ್ತಾ ಕೇಳಿದರು: “ಕಿತ್ತರೆ ಉಳಿಯುತ್ತೆ ಅಂದಮೇಲೆ, ನಾನು ದಿನಾ ಚಟ್ನಿ ಹೊತ್ತಿಗೆ ಕಿತ್ತಾಗ ನೀನು ಯಾಕೆ ಹಾಗೆ ಕಿರುಚಿದೆ?”

ಅವತ್ತಿನಿಂದ ಡಬ್ಬಿಯನ್ನು ಶುಕ್ರವಾರ ದೀಪ ಹಚ್ಚಿದ ಮೇಲೆ ನಾನೇ ಕಣ್ಣೆದುರು ಹಚ್ಚಿ, ನಕಲಾದ ಕೂಡಲೇ ಕಿತ್ತಿಡುತ್ತೇನೆ. ಉಳಿದ ದಿನ ಆ ಸಾಕೆಟ್ಟು ಮಿಕ್ಸಿಯದು. ಎಲೆಕ್ಟ್ರಿಷಿಯನ್ ಇನ್ನೂ ಬಂದಿಲ್ಲ.

ಥೀಸಿಸ್ ಹೇಳಿದ ದಿನಕ್ಕೇ ಒಪ್ಪಿಸಿದರು. ಬೈಂಡಾಗಿ ಬಂದ ಪ್ರತಿಯ ಮೊದಲಲ್ಲಿ ಎಲ್ಲರಿಗೂ ವಂದನೆ ಹೇಳುವ ಪುಟ ಇರುತ್ತದಲ್ಲ, ಅದನ್ನು ನಾನು ಕುತೂಹಲದಿಂದ ತೆರೆದೆ. “ನನ್ನ ಹೆಂಡತಿಗೆ, ಆಕೆಯ ತಾಳ್ಮೆಗಾಗಿ” ಅಂತಿತ್ತು. ಅದರ ಮೇಲಿನ ಸಾಲು: “ನನ್ನ ತಾಯಿಗೆ, ಆಕೆಯ ತಾಂತ್ರಿಕ ನೆರವಿಗಾಗಿ.”

ಅದು ಅಲ್ಲಿಗೆ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಒಂದು ಭಾನುವಾರ ಗೈಡು ಮನೆಗೇ ಫೋನ್ ಮಾಡಿದರು. ನಾನೇ ಎತ್ತಿದೆ. ಯಾವತ್ತೂ ಇಲ್ಲದ ವಿನಯದಿಂದ ಹಿಂದಿಯಲ್ಲಿ ಕೇಳಿದರು: ಹೊಸ ಕಂಪ್ಯೂಟರು ತೊಗೊಂಡಿದ್ದೀನಿ, ಬ್ಯಾಕಪ್ ಹೇಗೆ ಮಾಡೋದು ತಿಳೀತಾ ಇಲ್ಲ, ನಿಮ್ಮ ಅತ್ತೆಯವರಿಗೆ ಬಿಡುವಿದ್ದರೆ ಒಂದು ಸಲಹೆ ಕೊಡಬಹುದಾ?

ನಾನು ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಗೆ ವಿಷಯ ಹೇಳಿದೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು, ತಲೆ ಎತ್ತಲಿಲ್ಲ.

“ಮಿಕ್ಸಿ ಪಕ್ಕ ಇಡೋಕೆ ಹೇಳು, ಸಾಕು” ಅಂದರು.